ಪಟ್ಟಿಯಲ್ಲಿ ಹತ್ತು ಹೆಸರು

ಬೆಳಿಗ್ಗೆ ಆರೂವರೆ. ಬಯಲಿನ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ಕಾಲೇಜಿನ ಹಿಂಬದಿಯ ಕೊಠಡಿಯ ಬೀಗ ತೆಗೆದು ಇಬ್ಬರು ಹುಡುಗರು ಎರಡು ಕಬ್ಬಿಣದ ಕಂಬ, ಸುತ್ತಿಟ್ಟ ಬಲೆ, ಒಂದು ಬಾಂಡ್ಲಿ ಸುಣ್ಣದ ಪುಡಿ ಹೊತ್ತು ತರುತ್ತಾರೆ. ಒಬ್ಬ ಹಗ್ಗ ಎಳೆದು ಹಿಡಿಯುತ್ತಾನೆ. ಇನ್ನೊಬ್ಬ ಬಗ್ಗಿ, ಮುಷ್ಟಿಯಿಂದ ಸುಣ್ಣ ಸುರಿಸುತ್ತ, ಹಗ್ಗದ ಗುಂಟ ಹಿಂದಕ್ಕೆ ಹೆಜ್ಜೆ ಇಡುತ್ತಾನೆ. ನಿನ್ನೆ ಎಳೆದ ಗೆರೆಯನ್ನು ರಾತ್ರಿ ಬಯಲಿಗೆ ನುಗ್ಗಿದ ದನಗಳು ಅಲ್ಲಲ್ಲಿ ಅಳಿಸಿಹಾಕಿವೆ. 24 ಮೀಟರ್ ಉದ್ದ, 12 ಮೀಟರ್ ಅಗಲ, ನಡುವೆ ಒಂದು ಗೆರೆ. ಬಲೆ ಕಟ್ಟಿದರೆ ಬಾಲ್ ಬ್ಯಾಡ್ಮಿಂಟನ್ ಅಂಕಣ ತಯಾರು.

ಅಷ್ಟರಲ್ಲಿ ಮೊದಲ ಬಸ್ಸಿನಿಂದ ಇಳಿದವರು ಒಬ್ಬೊಬ್ಬರೇ ಬರುತ್ತಾರೆ. ಬೆನ್ನಿನ ಚೀಲದಲ್ಲಿ ನೋಟ್ಸು, ಊಟದ ಡಬ್ಬಿ, ಬದಲಿ ಅಂಗಿ, ಚೀಲದ ಜಿಪ್ಪಿನಿಂದ ಹೊರಕ್ಕೆ ಚಾಚಿದ ರಾಕೆಟ್ಟಿನ ಹಿಡಿ. ಹಳದಿ ಉಣ್ಣೆಯ ಚೆಂಡು ಬಲೆಯ ಆಚೀಚೆ ಹಾರತೊಡಗುತ್ತದೆ. ಈ ಚೆಂಡಿನ ತೂಕ 30 ಗ್ರಾಮಿನೊಳಗೆ. ಹುಲ್ಲಿಗೆ ನಾಲ್ಕು ಸಲ ಬಿದ್ದರೆ ಸಾಕು, ಉಣ್ಣೆ ಇಬ್ಬನಿ ಕುಡಿದು ಭಾರವಾಗುತ್ತದೆ. ಭಾರವಾದ ಚೆಂಡಿಗೆ ಹೊಡೆದರೆ ರಾಕೆಟ್ಟಿನ ಗಟ್ ಕಿತ್ತುಹೋಗುತ್ತದೆಂದು ಹುಡುಗರಿಗೆ ಗೊತ್ತು. ಹಾಗಾಗಿ ಒದ್ದೆಯಾದ ಚೆಂಡನ್ನು ಕಾಲೇಜಿನ ಮೆಟ್ಟಿಲ ಮೇಲೆ ಒಣಗಲು ಇಟ್ಟು ಇನ್ನೊಂದನ್ನು ತೆಗೆಯುತ್ತಾರೆ. ಬಿಸಿಲೇರುವ ಹೊತ್ತಿಗೆ ಮೆಟ್ಟಿಲ ಮೇಲೆ ಹಳದಿ ಚೆಂಡುಗಳ ಒಂದು ಸಾಲೇ ಇರುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಈ ನಾಲ್ಕು ತಾಲ್ಲೂಕುಗಳ ಯಾವ ಪದವಿ ಕಾಲೇಜಿನ ಆಟದ ಬಯಲಿಗೆ ಹೋದರೂ ನೋಟ ಹೆಚ್ಚುಕಡಿಮೆ ಇದೇ. ಒಂದು ಕಡೆ ಕಬಡ್ಡಿ, ಇನ್ನೊಂದು ಕಡೆ ವಾಲಿಬಾಲ್, ಮತ್ತೊಂದು ಮೂಲೆಯಲ್ಲಿ ಖೋ ಖೋ ಕಂಬ. ಹಿನ್ನೆಲೆಯಲ್ಲಿ ಬಂಡೆಗಲ್ಲಿನ ಬೆಟ್ಟಗಳು. 2007ರ ಆಗಸ್ಟ್‌ನಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದ ಈ ನಾಡು, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆಯಿತು. ಹೆಸರಿನಲ್ಲಿ ಬೆಂಗಳೂರು ಬಂದಿತು. ಕಾಲೇಜಿನ ಆಟದ ಬಯಲಿಗೆ ಬೆಂಗಳೂರು ಬಂದಿಲ್ಲ.

ರಾಮನಗರದ ಹುಡುಗ ರೇಷ್ಮೆಗೂಡಿನ ಮಾರುಕಟ್ಟೆಯ ಗದ್ದಲ ದಾಟಿಕೊಂಡು ಬರುತ್ತಾನೆ. ಅವನ ಮನೆಯವರು ನೂಲು ಬಿಚ್ಚುವ ರೀಲಿಂಗ್ ಘಟಕದವರಿರಬಹುದು. ಚನ್ನಪಟ್ಟಣದ ಹುಡುಗಿ ಬರುವ ಬೀದಿಗಳಲ್ಲಿ ಬಣ್ಣದ ಮರದ ಗೊಂಬೆಗಳು ಅಂಗಡಿ ಮುಂದೆ ತೂಗುತ್ತಿರುತ್ತವೆ. ಅದೇ ಊರಿನಲ್ಲಿ ಪೊಲೀಸ್ ತರಬೇತಿ ಶಾಲೆ ಇರುವುದರಿಂದ, ಖಾಕಿ ಕನಸು ಹೊತ್ತ ಹುಡುಗರು ಬೆಳ್ಳಂಬೆಳಿಗ್ಗೆ ರಸ್ತೆಯಲ್ಲಿ ಓಡುವುದು ಅಲ್ಲಿ ಹೊಸ ನೋಟವಲ್ಲ. ಕನಕಪುರದಲ್ಲಿ ಸ್ವಾತಂತ್ರ್ಯ ಹೋರಾಟಗಾರ ಎಸ್. ಕರಿಯಪ್ಪನವರು ಕಟ್ಟಿದ ರೂರಲ್ ಎಜುಕೇಷನ್ ಸೊಸೈಟಿಯ ಕಾಲೇಜುಗಳು ಹಳ್ಳಿ ಮಕ್ಕಳನ್ನು ಪದವಿ ತರಗತಿಗೆ ಕೂರಿಸಿದವು. ಸಾವನದುರ್ಗದ ನೆರಳಿನ ಮಾಗಡಿಯಲ್ಲಿ ರಾಗಿ, ಅವರೆ, ಮಾವು ಬೆಳೆಯುವವರ ಮಕ್ಕಳೇ ತಂಡದ ತುಂಬ. ನಾಲ್ಕು ಊರಿನ ಬದುಕು ನಾಲ್ಕು ಬಗೆ. ಆದರೆ ತಂಡ ಕಟ್ಟುವ ಕಷ್ಟ ಎಲ್ಲೆಡೆ ಒಂದೇ.

ಆ ಕಷ್ಟ ಶುರುವಾಗುವುದು ಒಂದು ಹಾಳೆಯ ಮೇಲೆ. ಬಾಲ್ ಬ್ಯಾಡ್ಮಿಂಟನ್ ಅಂಕಣದಲ್ಲಿ ಆಡುವವರು ಐವರು, ತಂಡಕ್ಕೆ ಬೇಕಾದವರು ಹತ್ತು. ವಾಲಿಬಾಲ್‌ಗೆ, ಕಬಡ್ಡಿಗೆ ಹನ್ನೆರಡು. ಶೈಕ್ಷಣಿಕ ವರ್ಷದ ಆರಂಭದಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು ಸೂಚನಾ ಫಲಕದಲ್ಲಿ ಚೀಟಿ ಹಾಕುತ್ತಾರೆ: ಆಸಕ್ತರು ಹೆಸರು ಕೊಡುವುದು. ಮೊದಲ ದಿನ ಮೂವತ್ತು ಜನ ಬರುತ್ತಾರೆ. ಒಂದು ವಾರಕ್ಕೆ ಹದಿನೆಂಟಾಗುತ್ತಾರೆ. ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿಯ ದಿನಾಂಕ ಬರುವ ಹೊತ್ತಿಗೆ ಹತ್ತು ಹೆಸರು ಉಳಿದರೆ ಅದೇ ದೊಡ್ಡದು.

ಬಿಟ್ಟವರೆಲ್ಲ ಆಟ ಬೇಡವೆಂದು ಹೋದವರಲ್ಲ. ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಪಾಳಿ ಕೆಲಸ ಸಿಕ್ಕಿತೆಂದು ಒಬ್ಬ ಹೋಗುತ್ತಾನೆ. ಬೆಳಗಿನ ಬಸ್ಸು ಊರಿಗೆ ಬರುವುದೇ ಏಳೂವರೆಗೆ, ಹಾಗಾಗಿ ಇನ್ನೊಬ್ಬಳು ಹೊರಗುಳಿಯುತ್ತಾಳೆ. ಸಂಜೆ ಆಡಿದರೆ ಕೊನೆಯ ಬಸ್ಸು ತಪ್ಪುತ್ತದೆ. ನವೆಂಬರ್ ಬಂತೆಂದರೆ ರಾಗಿ ಕೊಯ್ಲು. ರೇಷ್ಮೆ ಮನೆಯ ಮಕ್ಕಳದಂತೂ ಬೇರೆಯೇ ಪಂಚಾಂಗ. ಪಂದ್ಯಕ್ಕೆ ಎರಡು ದಿನ ಇರುವಾಗ ಹುಡುಗನೊಬ್ಬ ತಲೆ ಕೆರೆಯುತ್ತ ನಿಲ್ಲುತ್ತಾನೆ.

"ಮನೇಲಿ ಹುಳ ಹಣ್ಣಾಗವೆ ಸಾರ್. ಚಂದ್ರಿಕೆಗೆ ಬಿಡ್ಬೇಕು. ನಮ್ಮಪ್ಪ ಒಬ್ರೇ ಅವ್ರೆ."

ಆ ಮಾತಿಗೆ ಮೇಷ್ಟ್ರ ಹತ್ತಿರ ಎದುರು ಮಾತಿಲ್ಲ. ಅವರೂ ಇದೇ ಸೀಮೆಯವರು. ನಾಲ್ಕನೇ ಸಲ ಪೊರೆ ಬಿಟ್ಟು ಜ್ವರ ಕಳೆದ ಹುಳ ಎಷ್ಟು ಸೊಪ್ಪು ತಿನ್ನುತ್ತದೆ, ಹಣ್ಣಾದ ಹುಳವನ್ನು ಹೊತ್ತಿಗೆ ಸರಿಯಾಗಿ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡದಿದ್ದರೆ ಒಂದು ತಿಂಗಳ ದುಡಿಮೆ ಹೇಗೆ ಹಾಳಾಗುತ್ತದೆ ಎಂಬುದು ಅವರಿಗೂ ಗೊತ್ತು. "ನಿಮ್ಮಪ್ಪಂಗೆ ಫೋನ್ ಕೊಡಪ್ಪ" ಎನ್ನುತ್ತಾರೆ. "ಅಣ್ಣ, ಒಂದಿನ ಬೆಳಗ್ಗೆ ಹೋಗಿ ಸಂಜೆಗೆ ಬಂದ್ಬಿಡ್ತಾನೆ, ನಾನೇ ಬಸ್ ಹತ್ತಿಸ್ತೀನಿ" ಎಂದು ಕೇಳಿಕೊಳ್ಳುತ್ತಾರೆ. ಆ ಕಡೆಯಿಂದ ಒಪ್ಪಿಗೆ ಬಂದರೆ ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ. ತಾಲ್ಲೂಕು ಕಾಲೇಜಿನಲ್ಲಿ ತರಬೇತಿ ಎಂದರೆ ಹೊಡೆತ ಕಲಿಸುವುದಷ್ಟೇ ಅಲ್ಲ. ಹತ್ತು ಮನೆಗಳ ಒಪ್ಪಿಗೆಯನ್ನು ವರ್ಷವಿಡೀ ಕಾಪಾಡಿಕೊಳ್ಳುವುದು.

ಹುಡುಗಿಯರ ತಂಡಕ್ಕೆ ಇನ್ನೂ ಒಂದು ಹೆಜ್ಜೆ ಹೆಚ್ಚು. ತಂಡದ ಜೊತೆ ಮಹಿಳಾ ವ್ಯವಸ್ಥಾಪಕರು ಹೋಗಲೇಬೇಕು. ಕನ್ನಡವನ್ನೋ ಅರ್ಥಶಾಸ್ತ್ರವನ್ನೋ ಪಾಠ ಮಾಡುವ ಅಧ್ಯಾಪಕಿಯೊಬ್ಬರು ತಮ್ಮ ತರಗತಿಯನ್ನು ಬೇರೆಯವರಿಗೆ ಒಪ್ಪಿಸಿ, ಮನೆಯ ಕೆಲಸವನ್ನೂ ಹೊಂದಿಸಿಕೊಂಡು ಹೊರಡುತ್ತಾರೆ. "ಮೇಡಂ ಬತ್ತಾರಾ? ಹಂಗಾರೆ ಕಳಿಸ್ತೀವಿ" ಎನ್ನುವ ತಾಯಂದಿರ ಮಾತಿನ ಮೇಲೆ ಎಷ್ಟೋ ಹುಡುಗಿಯರ ಆಟ ನಿಂತಿದೆ. ಆ ಅಧ್ಯಾಪಕಿಯ ಹೆಸರು ಯಾವ ಪ್ರಶಸ್ತಿ ಪತ್ರದಲ್ಲೂ ಬರುವುದಿಲ್ಲ. ಬರಬೇಕು.

ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು ಸಾಮಾನ್ಯವಾಗಿ ಒಬ್ಬರೇ. ಎಂ.ಪಿ.ಎಡ್. ಓದಿ ಬಂದವರು. ಅವರು ಯೌವನದಲ್ಲಿ ಆಡಿದ್ದು ಒಂದೇ ಆಟವಿರಬಹುದು, ಇಲ್ಲಿ ಕಲಿಸಬೇಕಾದದ್ದು ಎಲ್ಲ ಆಟವನ್ನೂ. ಕಬಡ್ಡಿಯ ರೈಡು, ವಾಲಿಬಾಲಿನ ಸ್ಮ್ಯಾಷು, ಓಟದ ಸ್ಟಾರ್ಟು, ಗುಂಡು ಎಸೆತದ ಹಿಡಿತ, ಚೆಸ್ ತಂಡದ ಪ್ರವೇಶಪತ್ರ ಎಲ್ಲವೂ ಅವರದೇ. ಅದರ ಜೊತೆಗೆ ಪ್ರವೇಶಾತಿ ಸಮಿತಿ, ಶಿಸ್ತು ಸಮಿತಿ, ಸ್ವಾತಂತ್ರ್ಯ ದಿನದ ಪಥಸಂಚಲನ, ಪರೀಕ್ಷಾ ಕೆಲಸ, ಚುನಾವಣೆ ಬಂದರೆ ಚುನಾವಣಾ ಕೆಲಸ. ಹುದ್ದೆ ಖಾಲಿ ಇರುವ ಕಡೆ ಬೇರೆ ವಿಷಯದ ಅಧ್ಯಾಪಕರಿಗೆ ಕ್ರೀಡೆಯ ಪ್ರಭಾರ ಬೀಳುತ್ತದೆ. ಅವರು ಶ್ರದ್ಧೆಯಿಂದ ಪತ್ರ ವ್ಯವಹಾರ ಮಾಡಬಲ್ಲರು. ಬೆಳಿಗ್ಗೆ ಆರೂವರೆಗೆ ಬಯಲಿಗೆ ಬಂದು ಹುಡುಗನ ಮೊಣಕೈ ತಿದ್ದಲು ಅವರಿಂದಾಗದು. ಅದು ಅವರ ಓದಲ್ಲ.

ಹಾಗಾಗಿ ತಂಡವನ್ನು ನಿಜಕ್ಕೂ ಪಳಗಿಸುವವರು ಅನೇಕ ಕಡೆ ಹಳೆಯ ವಿದ್ಯಾರ್ಥಿಗಳು. ರಾತ್ರಿ ಪಾಳಿ ಮುಗಿಸಿ ಬಂದ ಕಾರ್ಖಾನೆ ನೌಕರ, ವಾರದ ರಜೆಯಲ್ಲಿರುವ ಕಾನ್‌ಸ್ಟೇಬಲ್, ಊರಲ್ಲೇ ಅಂಗಡಿ ಇಟ್ಟುಕೊಂಡ ಒಂದು ಕಾಲದ ನಾಯಕ. ಹುಡುಗರಿಗೆ ಇವರೆಲ್ಲ 'ಅಣ್ಣ'. ಅಣ್ಣ ಬಂದ ದಿನ ಆಟದ ಕಾವೇ ಬೇರೆ. ಹಿಂದಿನ ಸಾಲಿನಲ್ಲಿ ನಿಂತು ಎದುರಾಳಿ ಅಂಕಣದ ಮೂಲೆ ನೋಡಿ ಹೊಡೆಯುವುದು ಹೇಗೆ, ಬಲೆಯ ಹತ್ತಿರ ಬಿದ್ದ ಚೆಂಡಿಗೆ ಯಾರು ನುಗ್ಗಬೇಕು, ಯಾರು ಜಾಗ ಬಿಡಬಾರದು ಎಂಬುದನ್ನು ಅವನು ಮಾತಿನಲ್ಲಿ ಹೇಳುವುದಕ್ಕಿಂತ ಆಡಿ ತೋರಿಸುತ್ತಾನೆ. ಇವರಿಗೆ ಸಂಬಳವಿಲ್ಲ. ಅಭ್ಯಾಸ ಮುಗಿದ ಮೇಲೆ ಹೋಟೆಲಿನಲ್ಲಿ ತಟ್ಟೆ ಇಡ್ಲಿ, ಒಂದು ಟೀ. ಬಿಲ್ಲು ಕೊಡುವವರು ಮೇಷ್ಟ್ರು.

ಬಾಲ್ ಬ್ಯಾಡ್ಮಿಂಟನ್ನಿನ ಮಾತು ಬಂದಲ್ಲೆಲ್ಲ ಟೆನಿಸ್‌ನ ಮಾತೂ ಬರಬೇಕು. ಎರಡೂ ರಾಕೆಟ್ಟಿನ ಆಟ, ಎರಡಕ್ಕೂ ಹೊರಾಂಗಣ. ತಂಜಾವೂರಿನ ಅರಮನೆಯಲ್ಲಿ ಹುಟ್ಟಿತೆಂದು ಹೇಳುವ ಉಣ್ಣೆ ಚೆಂಡಿನ ಆಟ ದಕ್ಷಿಣದ ಶಾಲೆ ಕಾಲೇಜುಗಳಲ್ಲಿ ಹಳ್ಳಿಯವರೆಗೂ ಇಳಿಯಿತು. ಟೆನಿಸ್ ಮಾತ್ರ ಕ್ಲಬ್ಬಿನ ಬೇಲಿ ದಾಟಿ ತಾಲ್ಲೂಕು ಕಾಲೇಜಿನ ಬಯಲಿಗೆ ಬಂದದ್ದು ಅಪರೂಪ. ಇದಕ್ಕೆ ಜಾಗದ ಕೊರತೆ ಎಂಬ ಕಾರಣ ಹೇಳುವುದುಂಟು. ಅಳತೆ ಹಿಡಿದು ನೋಡಿದರೆ ಹಾಗಿಲ್ಲ. ಟೆನಿಸ್ ಅಂಕಣದ ಉದ್ದ 23.77 ಮೀಟರ್, ಡಬಲ್ಸ್‌ಗೆ ಅಗಲ 10.97 ಮೀಟರ್. ಅಂದರೆ ನಮ್ಮ ಹುಡುಗರು ದಿನಾ ಸುಣ್ಣ ಹಾಕುವ ಬಾಲ್ ಬ್ಯಾಡ್ಮಿಂಟನ್ ಅಂಕಣವೇ ಟೆನಿಸ್ ಅಂಕಣಕ್ಕಿಂತ ಒಂದಿಷ್ಟು ದೊಡ್ಡದು. ಗೆರೆಯ ಹಿಂದೆ ಓಡಾಡಲು ಟೆನಿಸ್‌ಗೆ ಹೆಚ್ಚು ಜಾಗ ಬೇಕೆಂಬುದು ನಿಜ. ಒಟ್ಟು ಸುಮಾರು 36 ಮೀಟರ್ ಉದ್ದ, 18 ಮೀಟರ್ ಅಗಲ ಇದ್ದರೆ ಸಾಕು. ಅಷ್ಟು ಬಯಲು ನಮ್ಮ ಬಹಳಷ್ಟು ಕಾಲೇಜುಗಳಿಗೆ ಇದೆ.

ಕೊರತೆ ಇರುವುದು ನೆಲದ ಹದದಲ್ಲಿ. ಉಣ್ಣೆ ಚೆಂಡು ನೆಲ ಮುಟ್ಟುವ ಮೊದಲೇ ಅದನ್ನು ಹೊಡೆಯಬೇಕು. ನೆಲದಲ್ಲಿ ಕಲ್ಲಿರಲಿ, ಗರಿಕೆ ಇರಲಿ, ಕಾಲಿಗೆ ತೊಂದರೆ, ಆಟಕ್ಕಲ್ಲ. ಟೆನಿಸ್ ಚೆಂಡು ನೆಲಕ್ಕೆ ಬಿದ್ದು ಪುಟಿಯಬೇಕು. ಒಂದು ಸಣ್ಣ ಕಲ್ಲಿದ್ದರೂ ಅದರ ದಾರಿ ತಪ್ಪುತ್ತದೆ. ಸಿಂಥೆಟಿಕ್ ಅಂಕಣ ಹಾಕಿಸಲು ಹಲವು ಲಕ್ಷ ರೂಪಾಯಿ ಬೇಕು. ಮಣ್ಣಿನ ಅಂಕಣವಾದರೆ ಖರ್ಚು ಕಡಿಮೆ, ಕೈಕೆಲಸ ಹೆಚ್ಚು: ಜರಡಿ ಹಿಡಿದ ಕೆಂಪು ಮಣ್ಣು, ದಿನಾ ನೀರು, ದಿನಾ ರೋಲರ್, ಮಳೆ ಬಂದ ಮೇಲೆ ಮತ್ತೆ ಹದ ಮಾಡುವ ಒಬ್ಬ ಆಳು. ಚೆಂಡಿನದು ಇನ್ನೊಂದು ಲೆಕ್ಕ. ಮೂರು ಚೆಂಡಿನ ಡಬ್ಬಿಗೆ ಕೊಡುವ ಹಣದಲ್ಲಿ ಎಷ್ಟೋ ಉಣ್ಣೆ ಚೆಂಡು ಬರುತ್ತವೆ. ಡಬ್ಬಿ ಒಡೆದ ಟೆನಿಸ್ ಚೆಂಡು ಕೆಲವು ದಿನದ ಆಟಕ್ಕೇ ಪುಟಿತ ಕಳೆದುಕೊಳ್ಳುತ್ತದೆ. ರಾಕೆಟ್ಟಿನ ಗಟ್ ಹೋದರೆ ಯಂತ್ರದಲ್ಲಿ ಹಾಕಿಸಲು ಬೆಂಗಳೂರಿಗೇ ಹೋಗಬೇಕು.

ಹಣಕ್ಕಿಂತ ದೊಡ್ಡ ಅಂತರ ವಯಸ್ಸಿನದು. ಅಂತರ ಕಾಲೇಜು ಟೆನಿಸ್‌ಗೆ ಬೆಂಗಳೂರಿನ ಕಾಲೇಜುಗಳಿಂದ ಬರುವವರು ಆರೇಳು ವರ್ಷಕ್ಕೇ ಅಕಾಡೆಮಿ ಸೇರಿದವರು. ಅವರ ಸರ್ವ್ ಎದುರಿಸಲು ಹದಿನೆಂಟಕ್ಕೆ ರಾಕೆಟ್ ಹಿಡಿದವರಿಂದ ಆಗದು. ಟೆನಿಸ್ ತಂಡಕ್ಕೆ ಬೇಕಾದವರು ನಾಲ್ಕೈದು ಜನ ಮಾತ್ರ. ಪಟ್ಟಿ ಚಿಕ್ಕದು, ಆದರೆ ಆ ನಾಲ್ಕು ಹೆಸರಿನ ಹಿಂದೆ ಹತ್ತು ಹನ್ನೆರಡು ವರ್ಷದ ಅಭ್ಯಾಸ ಇರಬೇಕು. ಕಬಡ್ಡಿಯಲ್ಲಿ ಹಾಗಲ್ಲ. ಊರ ಹಬ್ಬದ ಪಂದ್ಯಗಳಲ್ಲಿ ಆಡಿ ಬೆಳೆದ ಹುಡುಗ ಕಾಲೇಜಿಗೆ ಬರುವಾಗಲೇ ಅರ್ಧ ಆಟಗಾರ. ನಮ್ಮ ಕಾಲೇಜುಗಳು ಕಬಡ್ಡಿ, ವಾಲಿಬಾಲ್, ಬಾಲ್ ಬ್ಯಾಡ್ಮಿಂಟನ್‌ಗೆ ಒಲಿದದ್ದು ಬಡತನದಿಂದ ಮಾತ್ರವಲ್ಲ, ಊರು ತಾನೇ ಕಲಿಸಿ ಕಳಿಸುವ ಆಟಗಳು ಇವು ಎಂಬುದರಿಂದಲೂ ಹೌದು.

ದೂರದ ಮಾತೇಕೆ, ಇದೇ ಸೀಮೆಯಲ್ಲಿ ಇನ್ನೊಂದು ಬಗೆಯ ಕ್ರೀಡಾಂಗಣವೂ ಇದೆ. ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿ ಬಳಿಯ ಜಕ್ಕಸಂದ್ರದಲ್ಲಿ ಜೈನ್ ವಿಶ್ವವಿದ್ಯಾಲಯದ ದೊಡ್ಡ ಆವರಣ ಹರಡಿಕೊಂಡಿದೆ. 2022ರ ಏಪ್ರಿಲ್ 24ರಿಂದ ಮೇ 3ರವರೆಗೆ ಕರ್ನಾಟಕದಲ್ಲಿ ನಡೆದ ಎರಡನೆಯ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಆತಿಥ್ಯ ವಹಿಸಿದ್ದು ಈ ವಿಶ್ವವಿದ್ಯಾಲಯವೇ. 20 ಆಟಗಳ ಆ ಕೂಟದಲ್ಲಿ ಪದಕ ಪಟ್ಟಿಯ ಮೊದಲ ಸ್ಥಾನವೂ ಅದಕ್ಕೇ ಸಂದಿತು. ಕೊಡಗಿನ ರೋಹನ್ ಬೋಪಣ್ಣ ಅವರ ಹೆಸರಿನ ಟೆನಿಸ್ ಅಕಾಡೆಮಿ ಕನಕಪುರ ರಸ್ತೆಯ ಕ್ರೀಡಾ ಶಾಲೆಯೊಂದರ ಜೊತೆಗೂಡಿ ಮಕ್ಕಳನ್ನು ತರಬೇತುಗೊಳಿಸಿದೆ. ಬೋಪಣ್ಣ 2024ರ ಜನವರಿಯಲ್ಲಿ, ತಮ್ಮ 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದು ಡಬಲ್ಸ್‌ನಲ್ಲಿ ಜಗತ್ತಿನ ಮೊದಲ ಕ್ರಮಾಂಕಕ್ಕೆ ಏರಿದವರು. ಚನ್ನಪಟ್ಟಣದಿಂದ ಮೈಸೂರು ಕಡೆಗೆ ಒಂದು ಗಂಟೆಯ ದಾರಿಯಲ್ಲಿರುವ ಮಂಡ್ಯದಲ್ಲಿ ಅಂತರರಾಷ್ಟ್ರೀಯ ಟೆನಿಸ್ ಪಂದ್ಯಾವಳಿಗಳು ನಡೆದಿವೆ. ಎಂದರೆ ಟೆನಿಸ್ ನಮ್ಮ ನಾಡಿಗೆ ಬಂದಿದೆ, ನಮ್ಮ ರಸ್ತೆಯ ಪಕ್ಕಕ್ಕೇ ಬಂದಿದೆ. ತಾಲ್ಲೂಕು ಕಾಲೇಜಿನ ಗೇಟಿನೊಳಗೆ ಮಾತ್ರ ಬಂದಿಲ್ಲ.

ಅಮೆರಿಕದ ಕಾಲೇಜು ಟೆನಿಸ್‌ನ ಕಥೆಯೂ ಇಲ್ಲಿ ನೆನಪಿಗೆ ಬರುತ್ತದೆ. ನಮ್ಮ ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಆಡಿ 2007, 2008ರಲ್ಲಿ ಸತತ ಎರಡು ವರ್ಷ ಅಲ್ಲಿನ ರಾಷ್ಟ್ರೀಯ ಕಾಲೇಜು ಸಿಂಗಲ್ಸ್ ಪ್ರಶಸ್ತಿ ಗೆದ್ದರು. ಅದು ವಿದ್ಯಾರ್ಥಿವೇತನ, ದೊಡ್ಡ ಅಂಕಣ, ಸಂಬಳದ ತರಬೇತುದಾರರಿರುವ ಮೇಲಿನ ದರ್ಜೆ. ನಾವು ನೋಡಬೇಕಾದದ್ದು ಅಲ್ಲಿನ ಮೂರನೆಯ ದರ್ಜೆಯ ಸಣ್ಣ ಕಾಲೇಜುಗಳನ್ನು. ಅಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಮಕ್ಕಳು ಓದಲು ಬಂದವರು, ಇಷ್ಟಪಟ್ಟು ಆಡುತ್ತಾರೆ. ಆದರೂ ಪ್ರತಿ ವರ್ಷ ತಂಡದ ಪಟ್ಟಿ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತದೆ: ಆಟಗಾರನ ಹೆಸರು, ಓದುತ್ತಿರುವ ವರ್ಷ, ಊರು, ಓದಿದ ಶಾಲೆ. ತರಬೇತುದಾರರ ಹೆಸರೂ ಅದರಲ್ಲಿರುತ್ತದೆ. ಸಣ್ಣ ತಂಡವೂ ತನ್ನನ್ನು ತಾನು ಗೌರವಿಸಿಕೊಳ್ಳುವ ರೀತಿ ಅದು. ಅದಕ್ಕೆ ಖರ್ಚಿಲ್ಲ.

ನಮ್ಮಲ್ಲಿ ತಂಡದ ಪಟ್ಟಿ ಹೆಚ್ಚಾಗಿ ಕಾಣುವುದು ಅರ್ಹತಾ ಪತ್ರದಲ್ಲಿ. ಅದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಪ್ರತಿ ಆಟಗಾರನ ಹೆಸರು, ತಂದೆಯ ಹೆಸರು, ಜನ್ಮ ದಿನಾಂಕ, ಪಿಯುಸಿ ಮುಗಿಸಿದ ವರ್ಷ, ಈಗಿನ ತರಗತಿ, ನೋಂದಣಿ ಸಂಖ್ಯೆ, ಅಂಟಿಸಿದ ಭಾವಚಿತ್ರ, ಅದರ ಮೇಲೆ ಅರ್ಧ ಬಿದ್ದ ಪ್ರಾಂಶುಪಾಲರ ಮೊಹರು. ಅಂತರ ವಿಶ್ವವಿದ್ಯಾಲಯ ಮಟ್ಟಕ್ಕೆ ಹೋಗಬೇಕಾದರೆ ವಯಸ್ಸು 25 ದಾಟಿರಬಾರದು. ಜನ್ಮ ದಿನಾಂಕದ ಒಂದು ಅಂಕಿ ಅಂಕಪಟ್ಟಿಗೆ ಹೊಂದದಿದ್ದರೆ ಆಟಗಾರ ಅಂಕಣಕ್ಕೆ ಇಳಿಯುವಂತಿಲ್ಲ. ಹತ್ತು ಮಕ್ಕಳ ಅಂಕಪಟ್ಟಿಯ ನಕಲು ಜೋಡಿಸಿ, ಭಾವಚಿತ್ರ ತರದವನನ್ನು ಸ್ಟುಡಿಯೋಗೆ ಓಡಿಸಿ, ಕಚೇರಿಯಲ್ಲಿ ಸಹಿ ಮಾಡಿಸಿಕೊಳ್ಳುವ ಹೊತ್ತಿಗೆ ಮೇಷ್ಟ್ರ ಒಂದು ದಿನ ಕಳೆದಿರುತ್ತದೆ.

ಇನ್ನು ದುಡ್ಡು. ಪ್ರವೇಶ ಪಡೆಯುವಾಗ ಕಟ್ಟುವ ಶುಲ್ಕದ ವಿವರದಲ್ಲಿ ಕ್ರೀಡಾ ಶುಲ್ಕ ಎಂದೊಂದು ಸಾಲಿದೆ. ಮೊತ್ತ ಚಿಕ್ಕದು. ಅದರಲ್ಲಿ ವಿಶ್ವವಿದ್ಯಾಲಯದ ಪಾಲು ಬೇರೆ. ಉಳಿದದ್ದೇ ಇಡೀ ಕಾಲೇಜಿನ ಎಲ್ಲ ಆಟಗಳ ವರ್ಷದ ಗಂಟು. ಮಕ್ಕಳ ಸಂಖ್ಯೆ ಹೆಚ್ಚಿರುವ ಕಾಲೇಜಿಗೆ ಪರವಾಗಿಲ್ಲ. ಪ್ರವೇಶ ಕುಸಿದ ಸಣ್ಣ ಕಾಲೇಜಿನಲ್ಲಿ ಆ ಗಂಟು ಬಿಚ್ಚುವ ಮೊದಲೇ ಬರಿದಾಗುತ್ತದೆ. ಅದರಲ್ಲೇ ಚೆಂಡು, ಬಲೆ, ಗಟ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಪಂದ್ಯಾವಳಿಯ ಪ್ರವೇಶ ಶುಲ್ಕ, ವಾರ್ಷಿಕ ಕ್ರೀಡಾಕೂಟದ ಬಹುಮಾನ, ತೀರ್ಪುಗಾರರ ಗೌರವಧನ. ಸಾಮಾನು ಕೊಳ್ಳಲು ಮೂರು ಕಡೆಯಿಂದ ದರಪಟ್ಟಿ ತರಿಸಬೇಕು, ಸಮಿತಿ ಒಪ್ಪಬೇಕು, ದಾಸ್ತಾನು ಪುಸ್ತಕಕ್ಕೆ ಏರಿಸಬೇಕು, ಲೆಕ್ಕ ಪರಿಶೋಧನೆಗೆ ಓಚರ್ ಜೋಪಾನ ಮಾಡಬೇಕು. ಸಾರ್ವಜನಿಕ ಹಣಕ್ಕೆ ಈ ಕಾವಲು ಬೇಕು, ನಿಜ. ಆದರೆ ಆಗಸ್ಟ್‌ನಲ್ಲಿ ಬೇಕಾದ ಚೆಂಡು ಡಿಸೆಂಬರ್‌ನಲ್ಲಿ ಬಂದರೆ ಅದರಿಂದ ಯಾರೂ ಆಡಿದಂತಾಗುವುದಿಲ್ಲ.

ದಾಸ್ತಾನು ಪುಸ್ತಕ ತೆರೆದರೆ ಕಾಲೇಜಿನ ಆಟದ ಚರಿತ್ರೆಯೇ ಸಿಗುತ್ತದೆ. ಒಂದು ಸಾಲಿನಲ್ಲಿ ಜಾವೆಲಿನ್, ಇನ್ನೊಂದರಲ್ಲಿ ಕೇರಂ ಬೋರ್ಡು, ಮತ್ತೊಂದರಲ್ಲಿ ರಾಕೆಟ್. ಎದುರಿಗೆ 'ಮುರಿದಿದೆ', 'ಉಪಯೋಗಕ್ಕೆ ಬರುವುದಿಲ್ಲ' ಎಂದು ಕೆಂಪು ಶಾಯಿಯಲ್ಲಿ ಬರೆದ ಷರಾ. ಮುರಿದದ್ದನ್ನು ಬಿಸಾಡುವಂತಿಲ್ಲ, ವಿಲೇವಾರಿಗೆ ಆದೇಶ ಬೇಕು. ಹಾಗಾಗಿ ಕ್ರೀಡಾ ಕೊಠಡಿಯ ಅರ್ಧ ಜಾಗ ಹಳೆಯ ಸಾಮಾನಿನದು. ಗಟ್ ಇಲ್ಲದ ರಾಕೆಟ್ಟುಗಳ ಚೌಕಟ್ಟು ಗೋಡೆಯ ಮೊಳೆಗೆ ತೂಗುತ್ತಿರುತ್ತವೆ. ಅವುಗಳಲ್ಲಿ ಒಂದೆರಡಕ್ಕೆ ಯಾವನೋ ಹುಡುಗ ತಾನೇ ಗಟ್ ತಂದು, ಒಂದು ಸಂಜೆ ಕೂತು ಹೆಣೆದು, ಮತ್ತೆ ಆಟಕ್ಕೆ ತಂದಿರುತ್ತಾನೆ.

ಪಂದ್ಯದ ದಿನ ಬಂತು ಎನ್ನೋಣ. ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರು ಭಾಗವಾದಾಗಲೂ ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳು ಮೂಲ ವಿಶ್ವವಿದ್ಯಾಲಯದಲ್ಲೇ ಉಳಿದವು. ಅಲ್ಲಿಗೆ ಹೋಗುವುದೆಂದರೆ ಅದರ ಜ್ಞಾನಭಾರತಿ ಆವರಣಕ್ಕೆ. ರಾಮನಗರ, ಚನ್ನಪಟ್ಟಣದ ತಂಡಕ್ಕೆ ರೈಲೂ ಇದೆ, ಬಸ್ಸೂ ಇದೆ. ಕನಕಪುರ, ಮಾಗಡಿಗೆ ರೈಲಿಲ್ಲ, ಬಸ್ಸೇ ಗತಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ತಂಡಗಳ ಪ್ರಯಾಣದ ಲೆಕ್ಕದಲ್ಲಿ ಒಂದು ದೊಡ್ಡ ಬದಲಾವಣೆ ಬಂದಿದೆ. ಹುಡುಗಿಯರ ತಂಡ ಸರ್ಕಾರಿ ಬಸ್ಸು ಹತ್ತಿ ಗುರುತಿನ ಚೀಟಿ ತೋರಿಸಿದರೆ ಶೂನ್ಯ ಟಿಕೆಟ್ ಸಿಗುತ್ತದೆ. ಜೊತೆಗೆ ಹೋಗುವ ಅಧ್ಯಾಪಕಿಗೂ ಅಷ್ಟೇ. ಹುಡುಗರ ಟಿಕೆಟ್ಟಿಗೆ ಕ್ರೀಡಾ ನಿಧಿಯಿಂದ ಹಣ ತೆಗೆಯಬೇಕು, ಹುಡುಗಿಯರಿಗೆ ಬೇಕಿಲ್ಲ. ಯೋಜನೆ ಮಾಡಿದವರ ಮನಸ್ಸಿನಲ್ಲಿ ಕಾಲೇಜಿನ ಕಬಡ್ಡಿ ತಂಡ ಇತ್ತೋ ಇಲ್ಲವೋ. ಆದರೆ ಹೆಣ್ಣುಮಕ್ಕಳ ತಂಡ ಕಳಿಸದಿರುವುದಕ್ಕೆ 'ಪ್ರಯಾಣದ ಖರ್ಚು' ಎಂಬ ನೆಪ ಇನ್ನು ಯಾವ ಕಾಲೇಜಿಗೂ ಉಳಿದಿಲ್ಲ.

ಜ್ಞಾನಭಾರತಿಯಲ್ಲಿ ಇಳಿದ ಮಕ್ಕಳು ಮೊದಲು ನೋಡುವುದು ಎದುರಾಳಿಗಳ ಬೂಟುಗಳನ್ನು. ನಗರದ ಕಾಲೇಜಿನವರು ಒಂದೇ ಬಣ್ಣದ ಟ್ರ್ಯಾಕ್‌ಸೂಟಿನಲ್ಲಿ ವ್ಯಾನಿನಿಂದ ಇಳಿಯುತ್ತಾರೆ. ನಮ್ಮವರ ಜೆರ್ಸಿಯ ಬೆನ್ನ ಮೇಲೆ ಊರಿನ ದಾನಿಯೊಬ್ಬರ ಅಂಗಡಿಯ ಹೆಸರಿದೆ. ಪಕ್ಕದಲ್ಲೇ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ. ದೇಶಕ್ಕೆ ಆಡುವವರು ತರಬೇತಿ ಪಡೆಯುವ ಜಾಗ ಅದು ಎಂದು ಮೇಷ್ಟ್ರು ತೋರಿಸುತ್ತಾರೆ. ಮಕ್ಕಳು ಬೇಲಿಯಾಚೆ ಇಣುಕುತ್ತಾರೆ. ಆಮೇಲೆ ಪಂದ್ಯ. ಮೊದಲ ಸೆಟ್ಟಿನಲ್ಲಿ ಕೈ ನಡುಗುತ್ತದೆ, ಎರಡನೆಯದರಲ್ಲಿ ಕೈ ಕೂಡುತ್ತದೆ. ಗೆದ್ದರೆ ಮರುದಿನವೂ ಬರಬೇಕು, ಮರುದಿನದ ಖರ್ಚು ಎಲ್ಲಿಂದ ಎಂಬ ಯೋಚನೆ ಮೇಷ್ಟ್ರದು. ಗೆದ್ದ ಸಂತೋಷದ ಜೊತೆಯಲ್ಲೇ ಆ ಲೆಕ್ಕವೂ ಅವರ ತಲೆಯಲ್ಲಿ ಓಡುತ್ತದೆ. ಎಷ್ಟೋ ಸಲ ತಮ್ಮ ಜೇಬಿನಿಂದ ಕೊಟ್ಟು, ಬಿಲ್ಲು ಪಾಸಾದ ಮೇಲೆ ತೆಗೆದುಕೊಳ್ಳುತ್ತಾರೆ. ಕೆಲವು ಬಿಲ್ಲು ಪಾಸಾಗುವುದೇ ಇಲ್ಲ.

ಇಷ್ಟೆಲ್ಲ ಪಾಡು ಯಾತಕ್ಕೆ ಎಂದು ಕೇಳುವವರಿದ್ದಾರೆ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದ ಹುಡುಗನಿಗೆ ಸಿಗುವ ಪ್ರಮಾಣಪತ್ರ ಮುಂದೆ ಉನ್ನತ ವ್ಯಾಸಂಗದ ಕ್ರೀಡಾ ಕೋಟಾದಲ್ಲಿ, ಪೊಲೀಸ್ ನೇಮಕದ ಕ್ರೀಡಾ ಮೀಸಲಿನಲ್ಲಿ ನೆರವಾಗಬಲ್ಲದು. ಚನ್ನಪಟ್ಟಣದ ರಸ್ತೆಯಲ್ಲಿ ಮುಂಜಾನೆ ಓಡುವ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೂ ದೊಡ್ಡ ಲಾಭ ಪ್ರಮಾಣಪತ್ರ ಸಿಗದವರಿಗೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಅಂಕಣದಲ್ಲಿ "ನಂದು, ನಂದು" ಎಂದು ಕೂಗಿ ಚೆಂಡಿಗೆ ನುಗ್ಗುವುದನ್ನು ಕಂಡವರು ಆಟಕ್ಕೆ ಏನು ಬೆಲೆ ಎಂದು ಕೇಳಲಾರರು. ಬೇರೆ ಬೇರೆ ಜಾತಿಯ, ಬೇರೆ ಬೇರೆ ಕೇರಿಯ ಮಕ್ಕಳು ಒಂದೇ ಬಾಟಲಿಯ ನೀರು ಕುಡಿದು, ಒಂದೇ ಡಬ್ಬಿಯ ಚಿತ್ರಾನ್ನ ಹಂಚಿಕೊಂಡು ಬಸ್ಸಿನ ಕೊನೆಯ ಸೀಟಿನಲ್ಲಿ ಹಾಡುತ್ತ ಬರುವುದು ನಮ್ಮ ಊರುಗಳಲ್ಲಿ ಚಿಕ್ಕ ಸಂಗತಿಯಲ್ಲ.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದು, ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ಯಾವ ಕಾಲೇಜಿನಲ್ಲೂ ಖಾಲಿ ಇರಬಾರದು. ಮನುಷ್ಯರಿಲ್ಲದ ಕಡೆ ಸಾಮಾನು ಕೊಟ್ಟು ಪ್ರಯೋಜನವಿಲ್ಲ. ಎರಡನೆಯದು, ಟೆನಿಸ್‌ನಂಥ ಖರ್ಚಿನ ಆಟಕ್ಕೆ ಪ್ರತಿ ಕಾಲೇಜೂ ಅಂಕಣ ಕಟ್ಟುವ ಅಗತ್ಯವಿಲ್ಲ. ತಾಲ್ಲೂಕು ಕ್ರೀಡಾಂಗಣದಲ್ಲಿ ಒಂದು ಮಣ್ಣಿನ ಅಂಕಣ ಇರಲಿ. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಕಾಲೇಜಿನವರಿಗೆ ಗಂಟೆ ಹಂಚಲಿ. ಟೆನಿಸ್ ಹತ್ತು ವರ್ಷಕ್ಕೇ ಹಿಡಿಯಬೇಕಾದ ಆಟ. ಶಾಲೆಯ ಮಕ್ಕಳಿಂದ ಶುರುವಾದರೆ ಮಾತ್ರ ಹತ್ತು ವರ್ಷದ ಮೇಲೆ ಕನಕಪುರದ ಕಾಲೇಜಿನಿಂದ, ಮಾಗಡಿಯ ಕಾಲೇಜಿನಿಂದ ನಾಲ್ಕು ಹೆಸರಿನ ಒಂದು ಪಟ್ಟಿ ಜ್ಞಾನಭಾರತಿಗೆ ಹೋದೀತು. ರಸ್ತೆ ಬದಿಯ ದೊಡ್ಡ ಅಕಾಡೆಮಿಗಳು ವಾರಕ್ಕೊಂದು ದಿನ ತಮ್ಮ ಅಂಕಣವನ್ನೂ ತರಬೇತುದಾರರನ್ನೂ ಅಕ್ಕಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೆ ಬಿಟ್ಟುಕೊಟ್ಟರೆ ಕೆಲಸ ಇನ್ನೂ ಬೇಗ ಆದೀತು.

ಮೂರನೆಯದಕ್ಕೆ ಸರ್ಕಾರವೂ ಬೇಕಿಲ್ಲ, ದಾನಿಗಳೂ ಬೇಕಿಲ್ಲ. ಪ್ರತಿ ವರ್ಷ ಕಾಲೇಜಿನ ಸೂಚನಾ ಫಲಕದಲ್ಲಿ ಎರಡು ಹಾಳೆ ಹಾಕಬೇಕು. ಒಂದರಲ್ಲಿ ಪ್ರತಿ ತಂಡದ ಪಟ್ಟಿ: ಆಟಗಾರರ ಹೆಸರು, ತರಗತಿ, ಊರು, ಕಲಿಸುವವರ ಹೆಸರು, ಜೊತೆಗೆ ಹೋಗುವ ಅಧ್ಯಾಪಕಿಯ ಹೆಸರು. ಇನ್ನೊಂದರಲ್ಲಿ ಕ್ರೀಡಾ ಶುಲ್ಕದ ಲೆಕ್ಕ: ಬಂದದ್ದು ಎಷ್ಟು, ವಿಶ್ವವಿದ್ಯಾಲಯಕ್ಕೆ ಹೋದದ್ದು ಎಷ್ಟು, ಯಾವ ಆಟಕ್ಕೆ ಖರ್ಚಾದದ್ದು ಎಷ್ಟು, ಉಳಿದದ್ದು ಎಷ್ಟು. ಮಕ್ಕಳು ಕೊಟ್ಟ ಹಣ ಮಕ್ಕಳಿಗೆ ಕಾಣಲಿ. ಮಗನ ಹೆಸರು ಕಾಲೇಜಿನ ಗೋಡೆಯ ಮೇಲಿದೆ ಎಂದು ತಿಳಿದ ತಂದೆ, ಹುಳ ಹಣ್ಣಾದ ದಿನವೂ ಅವನನ್ನು ಪಂದ್ಯಕ್ಕೆ ಕಳಿಸಲು ಪಕ್ಕದ ಮನೆಯವರ ನೆರವು ಕೇಳಿಯಾನು.

ಈ ನಾಲ್ಕು ಊರಿನ ಕಾಲೇಜುಗಳಲ್ಲಿ ಓದಿ, ಆಡಿ, ಇಂದು ಸಂಬಳದ ಕೆಲಸದಲ್ಲಿರುವವರು ಸಾವಿರಾರು ಮಂದಿ ಇದ್ದೀರಿ. ಒಮ್ಮೆ ನಿಮ್ಮ ಹಳೆಯ ಕಾಲೇಜಿನ ಬಯಲಿಗೆ ಬೆಳಿಗ್ಗೆ ಹೋಗಿ ಬನ್ನಿ. ಮೇಷ್ಟ್ರನ್ನು ಕಂಡು ಈ ವರ್ಷ ಯಾವ ತಂಡಕ್ಕೆ ಏನು ಬೇಕೆಂದು ಕೇಳಿ. ಒಂದು ಡಜನ್ ಚೆಂಡು ಕೊಡಿಸಿ, ಇಲ್ಲವೇ ಭಾನುವಾರದ ಎರಡು ಗಂಟೆ ಕೊಡಿ. ಎರಡನೆಯದೇ ಹೆಚ್ಚು ಬೇಕಾಗಿರುವುದು.